ಸೈಕಲ್‌ನಲ್ಲಿ ಫುಡ್ ಡೆಲಿವರಿ, ಸಂಜೆ ಮಾತ್ರ: ಬೆಂಗಳೂರಲ್ಲಿ ನಡೆಯುತ್ತಾ?

ಬಿಕಾಂ ಹುಡುಗ
ಎಲ್ಲರಿಗೂ ನಮಸ್ಕಾರ. ಬಿಕಾಂ ಎರಡನೇ ವರ್ಷ, ಜಯನಗರದಲ್ಲಿ ಪಿಜಿ. ಊರು ಚನ್ನರಾಯಪಟ್ಟಣದ ಕಡೆ. ಕಾಲೇಜು ಮಧ್ಯಾಹ್ನವೇ ಮುಗಿಯುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಫುಡ್ ಡೆಲಿವರಿ ಮಾಡೋಣ ಅಂತ ಇದ್ದೇನೆ. ಗಾಡಿ ಇಲ್ಲ, ಡಿಎಲ್ ಇಲ್ಲ. ಗೇರ್ ಸೈಕಲ್ ಇದೆ.

ಪಿಜಿ ಬಾಡಿಗೆಯಲ್ಲಿ ಅರ್ಧವಾದರೂ ನಾನೇ ಕೊಡಬೇಕು ಅಂತ ಆಸೆ. ಅಪ್ಪ ಕೊಬ್ಬರಿ ರೇಟು ನೋಡಿಕೊಂಡು ದುಡ್ಡು ಕಳಿಸುತ್ತಾರೆ. ರೇಟು ಬಿದ್ದ ತಿಂಗಳು ಫೋನಿನಲ್ಲೇ ಗೊತ್ತಾಗುತ್ತದೆ.

ಸೈಕಲ್‌ಗೆ ನಿಜವಾಗಲೂ ಆರ್ಡರ್ ಕೊಡುತ್ತಾರಾ? ಏನೇನು ದಾಖಲೆ ಬೇಕು? ತಿಂಗಳಿಗೆ ಎಷ್ಟು ಉಳಿಯುತ್ತದೆ? ಮಾಡಿದವರು ಹೇಳಿ ದಯವಿಟ್ಟು. ವಿಡಿಯೋಗಳನ್ನು ನೋಡಿ ತಲೆ ಕೆಟ್ಟಿದೆ.

ಸೌತ್ ಎಂಡ್ ಸವಾರ
ಕೊಡುತ್ತಾರೆ. ಸೇರುವಾಗ ಗಾಡಿ ಯಾವುದು ಅಂತ ಕೇಳುತ್ತದೆ, ಅಲ್ಲಿ ಸೈಕಲ್ ಆರಿಸಬೇಕು. ಸ್ವಿಗ್ಗಿ, ಝೊಮ್ಯಾಟೊ ಎರಡರಲ್ಲೂ ಸೈಕಲ್‌ನವರು ಇದ್ದಾರೆ. ಆದರೆ ಎಲ್ಲ ಏರಿಯಾದಲ್ಲೂ ಎಲ್ಲ ಕಾಲಕ್ಕೂ ಆ ಆಯ್ಕೆ ತೆರೆದಿರುವುದಿಲ್ಲ. ಇವತ್ತು ತೋರಿಸದಿದ್ದರೆ ಒಂದು ವಾರ ಬಿಟ್ಟು ನೋಡಿ.

ದಾಖಲೆ ಅಂದರೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಸೆಲ್ಫಿ. ಸೈಕಲ್‌ಗೆ ಡಿಎಲ್, ಆರ್‌ಸಿ ಬೇಕಿಲ್ಲ. ಟೀಶರ್ಟ್ ಮತ್ತು ಬ್ಯಾಗ್‌ಗೆ ದುಡ್ಡು ಹಿಡಿಯುತ್ತಾರೆ. ಆ್ಯಪ್‌ನಲ್ಲಿ ತೋರಿಸಿದ ಮೊತ್ತ ಬಿಟ್ಟು ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ. ‘ಐಡಿ ಮಾಡಿಸಿಕೊಡುತ್ತೇನೆ’ ಅಂತ ಪಿಜಿಗಳ ಸುತ್ತ ಓಡಾಡುವವರು ಬಹಳ ಜನ ಇದ್ದಾರೆ.

ರಾತ್ರಿ ಪಾಳಿ
ಸುಮ್ನೆ ಆಸೆ ಹುಟ್ಟಿಸಬೇಡಿ. ಬೆಂಗಳೂರು ಟ್ರಾಫಿಕ್‌ನಲ್ಲಿ ಸೈಕಲ್ ತುಳಿದು ಬಾಡಿಗೆ ಕಟ್ಟೋಕೆ ಆಗುತ್ತಾ? ನಾನು ಬೈಕ್‌ನಲ್ಲಿ ಫುಲ್ ಟೈಮ್ ಮಾಡುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ರಸ್ತೆಯಲ್ಲಿದ್ದರೆ ಮಾತ್ರ ಇನ್ಸೆಂಟಿವ್ (ಆರ್ಡರ್ ದುಡ್ಡಿನ ಮೇಲೆ ಕೊಡುವ ಬೋನಸ್) ಮುಟ್ಟುತ್ತದೆ. ನಾಲ್ಕು ಗಂಟೆಗೆ ಬಂದವರಿಗೆ ಬರೀ ಆರ್ಡರ್ ದುಡ್ಡು.

ಸೌತ್ ಎಂಡ್ ಸವಾರ
ಇನ್ಸೆಂಟಿವ್ ವಿಷಯ ನೂರಕ್ಕೆ ನೂರು ನಿಜ. ಸಂಜೆ ಸಮಯದ ಹುಡುಗರು ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಆದರೆ ‘ಆಗಲ್ಲ’ ಅನ್ನುವುದು ತಪ್ಪು. ಡಿಗ್ರಿ ಮುಗಿಯುವವರೆಗೆ ನಾನು ಇದನ್ನೇ ಮಾಡಿದೆ. ಹತ್ತಿರದ ಆರ್ಡರ್‌ಗೆ ಇಪ್ಪತ್ತು, ಇಪ್ಪತ್ತೈದು ರೂಪಾಯಿ, ಮಳೆ ಬಂದರೆ ಸ್ವಲ್ಪ ಮೇಲೆ. ಒಳ್ಳೆ ಸಂಜೆ ಇನ್ನೂರೈವತ್ತರಿಂದ ಮುನ್ನೂರು. ಕೆಟ್ಟ ಸಂಜೆ ನೂರೂ ಆಗುವುದಿಲ್ಲ. ಪರೀಕ್ಷೆ, ಊರು, ಜ್ವರ ಎಲ್ಲ ಕಳೆದರೆ ತಿಂಗಳಿಗೆ ಐದು ಸಾವಿರದ ಆಸುಪಾಸು ಅಂತ ಇಟ್ಟುಕೊಳ್ಳಿ.

ಲೆಕ್ಕದ ಪುಸ್ತಕ
ಬೈಕ್‌ನವರ ಲೆಕ್ಕ ಹೇಳುವಾಗ ಪೆಟ್ರೋಲ್ ಮರೆಯಬೇಡಿ. ಸಂಜೆಗೆ 40 ಕಿ.ಮೀ. ಓಡಿಸಿದರೆ, ಲೀಟರ್‌ಗೆ 45 ಕಿ.ಮೀ. ಸಿಕ್ಕರೆ, 90 ರೂಪಾಯಿ ಪೆಟ್ರೋಲ್‌ಗೇ ಹೋಯಿತು. ಅದರ ಮೇಲೆ ಆಯಿಲ್, ಟೈರು, ಇನ್ಶೂರೆನ್ಸ್, ಗಾಡಿಯ ಕಂತು. ಸೈಕಲ್‌ನವನು ಬೈಕ್‌ನವನ ಮುಕ್ಕಾಲು ದುಡಿದರೂ ಕೈಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ.

ರಾತ್ರಿ ಪಾಳಿ
ಮುಕ್ಕಾಲು ದುಡಿಯುತ್ತಾನೆ ಅಂತ ಯಾರು ಹೇಳಿದ್ದು? ಅರ್ಧ ಅನ್ನಿ.

ಲೆಕ್ಕದ ಪುಸ್ತಕ
ಏರಿಯಾ ಮೇಲೆ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಅರ್ಧವೂ ಇಲ್ಲ, ಒಪ್ಪುತ್ತೇನೆ. ಜಯನಗರ, ಬಸವನಗುಡಿಯಲ್ಲಿ ಹೋಟೆಲು ಮನೆ ಎಲ್ಲ ಒತ್ತೊತ್ತಾಗಿವೆ, ಅಲ್ಲಿ ಮುಕ್ಕಾಲು ಆಗುತ್ತದೆ.

ಹಳೇ ಚೈನು
ಇಲ್ಲಿ ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಸೈಕಲ್‌ನಲ್ಲಿ ದುಡ್ಡು ನಿರ್ಧಾರ ಆಗುವುದು ನಿಮ್ಮ ಕಾಲಿನಿಂದ ಅಲ್ಲ, ನೀವು ನಿಂತುಕೊಳ್ಳುವ ಜಾಗದಿಂದ.

ಒಂದು ಆರ್ಡರ್‌ನ ಸಮಯ ಬಿಡಿಸಿ ನೋಡಿ. ಹೋಟೆಲಿಗೆ ಹೋಗುವುದು, ಪಾರ್ಸೆಲ್‌ಗೆ ಕಾಯುವುದು, ಮನೆಗೆ ಹೋಗುವುದು, ಗೇಟ್‌ನಲ್ಲಿ ಕಾಯುವುದು, ವಾಪಸ್ ಹೋಟೆಲ್ ಇರುವ ಕಡೆ ಬರುವುದು. ಇದರಲ್ಲಿ ಬೈಕ್‌ನವರು ಗೆಲ್ಲುವುದು ರಸ್ತೆಯಲ್ಲಿರುವಾಗ ಮಾತ್ರ. ಎರಡು ಕಿ.ಮೀ. ಒಳಗಿನ ಆರ್ಡರ್‌ನಲ್ಲಿ, ಅದೂ ಸಂಜೆ ಟ್ರಾಫಿಕ್‌ನಲ್ಲಿ, ಆ ವ್ಯತ್ಯಾಸ ಎರಡು ಮೂರು ನಿಮಿಷ. ಕಾಯುವುದು ಇಬ್ಬರಿಗೂ ಒಂದೇ. ಇನ್ನೊಂದು ಅನುಕೂಲ: ರಸ್ತೆ ನಡುವೆ ಮೀಡಿಯನ್ ಇದ್ದ ಕಡೆ ಬೈಕ್‌ನವರು ಒಂದು ಕಿಲೋಮೀಟರ್ ಮುಂದೆ ಹೋಗಿ ಯೂ ಟರ್ನ್ ಹೊಡೆಯಬೇಕು. ನಾವು ಸೈಕಲ್ ಇಳಿದು ಜನ ದಾಟುವ ಕಡೆ ತಳ್ಳಿಕೊಂಡು ದಾಟಬಹುದು. ಒನ್‌ವೇನಲ್ಲೂ ಹಾಗೆಯೇ, ಫುಟ್‌ಪಾತ್ ಮೇಲೆ ತಳ್ಳಿಕೊಂಡು ಹೋಗಿ. ಎದುರು ತುಳಿದುಕೊಂಡು ಮಾತ್ರ ಹೋಗಬೇಡಿ.

ಅದಕ್ಕೇ ಮೊದಲ ವಾರ ದುಡ್ಡಿನ ಯೋಚನೆ ಬಿಟ್ಟು ಹೋಟೆಲ್‌ಗಳನ್ನು ಕಲಿಯಿರಿ. ಯಾವ ಹೋಟೆಲಿನವರು ಕೌಂಟರ್‌ಗೆ ಹೋದ ತಕ್ಷಣ ಕೊಡುತ್ತಾರೆ, ಯಾರು ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ ಅಂತ. ಬೇಗ ಕೊಡುವ ನಾಲ್ಕೈದು ಹೋಟೆಲ್‌ಗಳ ನಡುವೆ ನಿಂತರೆ ಸಂಜೆ ತಾನಾಗೇ ಉರುಳುತ್ತದೆ.

ಗಲ್ಲಾ ಪೆಟ್ಟಿಗೆ
ಹಳೇ ಚೈನು ಅವರೇ, ಹೋಟೆಲಿನವರ ಕಡೆಯಿಂದಲೂ ಒಂದು ಮಾತು. ನಾನು ಒಂದು ದರ್ಶಿನಿಯಲ್ಲಿ ಕ್ಯಾಶ್ ನೋಡಿಕೊಳ್ಳುತ್ತೇನೆ. ಏಳೂವರೆಯಿಂದ ಒಂಬತ್ತರವರೆಗೆ ಕೌಂಟರ್ ಮುಂದೆ ಕೂತು ತಿನ್ನುವವರು, ಪಾರ್ಸೆಲ್‌ನವರು, ಆ್ಯಪ್‌ನವರು ಎಲ್ಲ ಒಟ್ಟಿಗೆ ನಿಲ್ಲುತ್ತಾರೆ. ದೋಸೆ ಕಾವಲಿ ಇರುವುದು ಒಂದೇ. ಬೇಕಂತ ಯಾರನ್ನೂ ನಿಲ್ಲಿಸುವುದಿಲ್ಲ.

ಆರ್ಡರ್ ನಂಬರ್‌ನ ಕೊನೆಯ ನಾಲ್ಕು ಅಂಕಿ ಸ್ಕ್ರೀನ್ ಮೇಲೆ ತೆಗೆದಿಟ್ಟುಕೊಂಡು ಬನ್ನಿ. ‘ಅಣ್ಣಾ ಮಸಾಲೆ ದೋಸೆ’ ಅಂದರೆ ನನ್ನ ಮುಂದೆ ಎಂಟು ಮಸಾಲೆ ದೋಸೆ ಇರುತ್ತವೆ. ಕವರ್ ತೆಗೆದುಕೊಂಡ ಮೇಲೆ ಬಿಲ್ ನೋಡಿ ಎಣಿಸಿ. ಒಂದು ವಡೆ ಕಮ್ಮಿ ಆದರೂ ಗಿರಾಕಿ ಬೈಯುವುದು ನಿಮ್ಮನ್ನೇ.

ಸೌತ್ ಎಂಡ್ ಸವಾರ
ಇದು ಚಿನ್ನದಂಥ ಮಾತು. ಕವರ್‌ಗೆ ಸ್ಟೇಪ್ಲರ್ ಹೊಡೆದಿದ್ದರೆ ಬಿಚ್ಚಬೇಡಿ, ಕೌಂಟರ್‌ನವರ ಹತ್ತಿರವೇ ಕೇಳಿ ಖಚಿತ ಮಾಡಿಕೊಳ್ಳಿ.

ಪಿಯುಸಿ ಮುಗೀತು
ನನಗೆ 17. ಅಣ್ಣನ ಐಡಿಯಲ್ಲಿ ಮಾಡಬಹುದಾ?

ಹಳೇ ಚೈನು
ಬೇಡ ತಮ್ಮ. 18 ಆಗಲಿ.

ರಾತ್ರಿ ಪಾಳಿ
ಎಷ್ಟೋ ಜನ ಮಾಡುತ್ತಿದ್ದಾರೆ ಬಿಡಿ. ಲಾಗಿನ್ ಸೆಲ್ಫಿಗೆ ಅಣ್ಣ ಮುಖ ತೋರಿಸಿದರೆ ಆಯಿತು.

ಲೆಕ್ಕದ ಪುಸ್ತಕ
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಹುಡುಗನಿಗೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಯಾರ ಹೆಸರಿನಲ್ಲಿದೆ? ಅಣ್ಣನ ಹೆಸರಿನಲ್ಲಿ. ಆಸ್ಪತ್ರೆಯಲ್ಲಿ ಮಲಗಿರುವುದು ತಮ್ಮ. ಒಂದು ಪೈಸೆ ಬರುವುದಿಲ್ಲ. ಗಿರಾಕಿ ಮನೆಯಲ್ಲಿ ಏನಾದರೂ ದೂರು ಬಂದರೆ ಪೊಲೀಸರು ಹುಡುಕಿಕೊಂಡು ಬರುವುದು ಅಣ್ಣನನ್ನು. ಇಬ್ಬರ ಬದುಕೂ ಒಂದು ಐಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ರಾತ್ರಿ ಪಾಳಿ
ಸರಿ, ಇನ್ಶೂರೆನ್ಸ್ ವಿಷಯ ಒಪ್ಪಿದೆ. ಪಿಯುಸಿ ತಮ್ಮ, ಕಾಯಿ.

ಎಚ್‌ಎಸ್‌ಆರ್ ಅಕ್ಕ
ಹೆಂಗಸರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಮಗಳು ಶಾಲೆಗೆ ಹೋದ ಮೇಲೆ ಹನ್ನೊಂದೂವರೆಯಿಂದ ಮೂರರವರೆಗೆ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸೈಕಲ್ ಮೇಲೆ ಊಟದ ಆರ್ಡರ್ ಮಾಡುತ್ತೇನೆ. ಏರಿಯಾ ಬಹುಮಟ್ಟಿಗೆ ಸಮತಟ್ಟು, ಆಫೀಸುಗಳು ಮನೆಗಳ ನಡುವೆಯೇ ಇವೆ. ಆಫೀಸ್ ಆರ್ಡರ್ ಬೇಗ ಮುಗಿಯುತ್ತದೆ, ಸೆಕ್ಯೂರಿಟಿ ಹತ್ತಿರ ಇಟ್ಟು ಬರುವುದಷ್ಟೇ.

ಕಷ್ಟ ಇರುವುದು ಬಾತ್‌ರೂಮ್‌ದು. ಗಂಡಸರು ಇದನ್ನು ಯಾರೂ ಬರೆಯುವುದಿಲ್ಲ. ನಾನು ಮೂರು ಹೋಟೆಲ್‌ಗಳಲ್ಲಿ ಮೊದಲೇ ಕೇಳಿ ಇಟ್ಟುಕೊಂಡಿದ್ದೇನೆ. ಇನ್ನೊಂದು, ಚೂಡಿದಾರದ ವೇಲ್ ಹಾಕಿಕೊಂಡು ಸೈಕಲ್ ಹತ್ತಬೇಡಿ. ಪ್ಯಾಂಟ್ ಕಾಲನ್ನು ಬಲಗಡೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ, ಚೈನಿಗೆ ಸಿಕ್ಕುವುದಿಲ್ಲ.

ಟೆರೇಸ್ ಮನೆ
ಅಕ್ಕ, ನೀವು ಬಂದಾಗ ಜನ ಹೇಗೆ ಮಾತಾಡಿಸುತ್ತಾರೆ? ನಾನು ಗಿರಾಕಿ ಕಡೆಯವನು, ತಿಳಿಯಬೇಕಿತ್ತು.

ಎಚ್‌ಎಸ್‌ಆರ್ ಅಕ್ಕ
ಮುಕ್ಕಾಲು ಜನ ಚೆನ್ನಾಗಿ. ನೀರು ಬೇಕಾ ಅಂತ ಕೇಳುತ್ತಾರೆ. ಕೆಲವರು ‘ಸೈಕಲ್‌ನಲ್ಲಾ?’ ಅಂತ ಕನಿಕರ ಪಡುತ್ತಾರೆ, ಅದು ಬೇಡ. ಲೊಕೇಶನ್ ಪಿನ್ ಸರಿಯಾಗಿ ಹಾಕಿ, ಫೋನ್ ಎತ್ತಿ. ನಮಗೆ ಅದೇ ದೊಡ್ಡ ಉಪಕಾರ.

ಮಂಗಳೂರು ಮಳೆ
ಕದ್ರಿ ಗುಡ್ಡ ಹತ್ತಿ ಬಿರಿಯಾನಿ ಕೊಡಿ ನೋಡುವ! ನಮ್ಮ ಊರಲ್ಲಿ ಸೈಕಲ್ ಡೆಲಿವರಿ ಅಂದರೆ ಅರ್ಧ ದಾರಿ ತಳ್ಳುವುದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಬೆಂಗಳೂರಿನವರು ಪುಣ್ಯವಂತರು.

ಸರಸ್ವತಿಪುರಂ
ಮೈಸೂರು ಬಂದು ನೋಡಿ. ಸರಸ್ವತಿಪುರಂ, ಕುವೆಂಪುನಗರ, ಅಗಲ ರಸ್ತೆ, ಮರದ ನೆರಳು. ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ವ್ಯವಸ್ಥೆ 2017ರಲ್ಲೇ ಶುರುವಾದ ಊರು ಇದು. ಆದರೆ ಆರ್ಡರ್ ಬೆಂಗಳೂರಿನಷ್ಟು ಇಲ್ಲ, ರಾತ್ರಿ ಒಂಬತ್ತೂವರೆಗೆ ಊರು ಮಲಗುತ್ತದೆ.

ಧಾರವಾಡ ಪೇಡೆ
ನಮ್ಮ ಧಾರವಾಡದಾಗ ಏರು ಇಳುವು ಭಾಳ ರೀ. ಹುಬ್ಬಳ್ಳಿ ವಿದ್ಯಾನಗರ ಕಡೆ ಆದರ ಕಾಲೇಜು ಹುಡುಗರು ಮಾಡಬಹುದು.

ಬಿಕಾಂ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಒಂದು ಕೇಳಬೇಕು. ಪಿಜಿಯಲ್ಲಿ ಒಬ್ಬ ಹೇಳಿದ, ಸೈಕಲ್ ಅಂತ ಹಾಕಿದರೆ ಆರ್ಡರ್ ಕಮ್ಮಿ, ಬೈಕ್ ಅಂತ ಯಾರದ್ದಾದರೂ ಡಿಎಲ್ ಹಾಕಿ ಸೇರಿಕೋ, ಓಡಿಸುವುದು ಸೈಕಲ್ ಅಂತ. ಸರೀನಾ?

ಹಳೇ ಚೈನು
ಮಾಡಲೇಬೇಡಿ. ಬೇರೆಯವರ ಡಿಎಲ್ ಹಾಕುವುದು ಮೋಸ, ಸಿಕ್ಕಿಬಿದ್ದರೆ ಐಡಿ ಶಾಶ್ವತವಾಗಿ ಹೋಗುತ್ತದೆ. ಅದನ್ನು ಬದಿಗಿಟ್ಟರೂ ನಷ್ಟ ನಿಮಗೇ. ಬೈಕ್ ಅಂತ ಹಾಕಿದರೆ ಆರೇಳು ಕಿ.ಮೀ. ಆರ್ಡರ್ ಬೀಳುತ್ತವೆ. ಆ್ಯಪ್ ಕೊಡುವ ಸಮಯವೂ ಬೈಕ್‌ನ ಲೆಕ್ಕದ್ದೇ. ತುಳಿದು ತುಳಿದು ಸುಸ್ತಾಗಿ ತಡವಾಗಿ ತಲುಪುತ್ತೀರಿ, ರೇಟಿಂಗ್ ಬೀಳುತ್ತದೆ. ಸೈಕಲ್ ಅಂತ ಹಾಕಿದರೆ ದೂರ ಕಮ್ಮಿ ಇರುವುದೇ ನಮಗೆ ರಕ್ಷಣೆ.

ಯೂಲು ಬಳಗ
ಕರೆಂಟ್ ಸೈಕಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೋಟಾರ್ 250 ವ್ಯಾಟ್‌ಗಿಂತ ಕಮ್ಮಿ ಇದ್ದು, ಗಂಟೆಗೆ 25 ಕಿ.ಮೀ. ಒಳಗಿನ ವೇಗದ ಗಾಡಿಗೆ ಡಿಎಲ್, ರಿಜಿಸ್ಟ್ರೇಶನ್ ಎರಡೂ ಬೇಡ. ಬೆಂಗಳೂರಿನ ಯೂಲು ಕಂಪನಿ ಡೆಲಿವರಿಗೆ ಅಂತಲೇ ಡೆಕ್ಸ್ ಅನ್ನುವ ಮಾಡೆಲ್ ಬಾಡಿಗೆಗೆ ಕೊಡುತ್ತದೆ. ನನ್ನ ರೂಂಮೇಟ್ ಅದರಲ್ಲೇ ಓಡಿಸುವುದು.

ಲೆಕ್ಕದ ಪುಸ್ತಕ
ಫುಲ್ ಟೈಮ್ ಮಾಡುವವರಿಗೆ ಅದು ಸರಿ. ಸಂಜೆ ಮಾತ್ರ ಮಾಡುವವನ ದುಡಿಮೆಯಲ್ಲಿ ಬಾಡಿಗೆಗೇ ದೊಡ್ಡ ಪಾಲು ಹೋಗುತ್ತದೆ. ಈ ಹುಡುಗನ ಹತ್ತಿರ ಸೈಕಲ್ ಇದೆ, ಅದರಲ್ಲೇ ಶುರು ಮಾಡಲಿ.

ಯೂಲು ಬಳಗ
ಮಂಡಿ ಹೋದ ಮೇಲೆ ಆಸ್ಪತ್ರೆಗೆ ಕೊಡುವ ದುಡ್ಡನ್ನೂ ಲೆಕ್ಕ ಹಾಕಿ.

ಹಳೇ ಚೈನು
ಮಂಡಿ ಹಾಳಾಗುವುದು ಸೀಟ್ ಕೆಳಗಿದ್ದರೆ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ಹೆಚ್ಚುಕಮ್ಮಿ ನೆಟ್ಟಗಾಗಬೇಕು, ಮಂಡಿ ಸ್ವಲ್ಪವೇ ಬಾಗಿರಬೇಕು. ನಮ್ಮ ಹುಡುಗರು ಸಿಗ್ನಲ್‌ನಲ್ಲಿ ಕಾಲೂರಲು ಸುಲಭ ಅಂತ ಸೀಟ್ ಇಳಿಸಿಕೊಂಡಿರುತ್ತಾರೆ, ಹಾಗೇ ಗಂಟೆಗಟ್ಟಲೆ ತುಳಿಯುತ್ತಾರೆ. ಆಮೇಲೆ ನೋವು ಅನ್ನುತ್ತಾರೆ. ಸೀಟ್ ಏರಿಸಿ, ಸಣ್ಣ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ.

ಬ್ಯಾಗ್ ಬೆನ್ನ ಮೇಲೆ ಹಾಕಿಕೊಂಡರೆ ಭುಜ ಹೋಗುತ್ತದೆ. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಿ, ಎಲಾಸ್ಟಿಕ್ ಹಗ್ಗದಲ್ಲಿ ಬಿಗಿಯಿರಿ. ಆದರೆ ಆಗ ಸೀಟ್ ಕೆಳಗಿನ ಕೆಂಪು ಲೈಟು ಬ್ಯಾಗ್ ಹಿಂದೆ ಮುಚ್ಚಿಹೋಗುತ್ತದೆ. ಹಿಂದಿನಿಂದ ಬರುವ ಕಾರಿಗೆ ನೀವು ಕಾಣುವುದೇ ಇಲ್ಲ. ಲೈಟನ್ನು ಬ್ಯಾಗಿನ ಮೇಲೇ ಸಿಕ್ಕಿಸಿ. ಕಾನೂನು ಕೇಳಲಿ ಬಿಡಲಿ, ಹೆಲ್ಮೆಟ್ ಹಾಕಿ.

ಸಾಂಬಾರ್ ಸಂಕಟ
ಇದಕ್ಕೆ ಯಾರಾದರೂ ಪರಿಹಾರ ಹೇಳಿ. ಸೈಕಲ್ ಕ್ಯಾರಿಯರ್‌ಗೆ ಶಾಕ್ ಅಬ್ಸಾರ್ಬರ್ ಇಲ್ಲ. ಒಂದೊಂದು ಹಂಪ್‌ಗೂ ಬ್ಯಾಗ್ ಎಗರುತ್ತದೆ. ದಾರ ಕಟ್ಟಿದ ಸಾಂಬಾರ್ ಕವರ್ ಬಾಯಿಂದ ಹನಿ ಹನಿ ಸೋರಿ, ಕೆಳಗಿರುವ ವಡೆ ಪೇಪರ್ ಎಲ್ಲ ಒದ್ದೆ. ಗಿರಾಕಿ ಫೋಟೋ ಹಾಕಿ ದೂರು ಕೊಡುತ್ತಾರೆ, ದುಡ್ಡು ಕಟ್ ಆಗುವುದು ನಮ್ಮದು.

ಎಚ್‌ಎಸ್‌ಆರ್ ಅಕ್ಕ
ಬ್ಯಾಗ್ ತಳಕ್ಕೆ ಹಳೇ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಸಿ. ಸಾಂಬಾರ್, ಚಟ್ನಿ ಕವರ್‌ಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬಾಯಿ ಮೇಲಕ್ಕೆ. ಡಬ್ಬಿಯನ್ನು ಬ್ಯಾಗಿನ ಮೂಲೆಗೆ ಒತ್ತಿಡಿ, ಸುತ್ತ ಸಂದಿಗೆ ಪೇಪರ್ ತುರುಕಿ. ಸೋರಿದರೂ ಡಬ್ಬಿಯೊಳಗೇ ಇರುತ್ತದೆ. ಕೊಡುವಾಗ ಕವರ್ ಹೊರಗೆ ತೆಗೆದು, ಒರೆಸಿ, ಮತ್ತೆ ಪಾರ್ಸೆಲ್ ಚೀಲಕ್ಕೆ ಹಾಕಿ. ಸೀಲ್ ಮಾಡಿದ ಪಾರ್ಸೆಲ್ ಆದರೆ ಬಿಚ್ಚದೆ ಹಾಗೇ ನೆಟ್ಟಗೆ ನಿಲ್ಲಿಸಿ. ಹಂಪ್ ಬಂದಾಗ ಸೀಟ್‌ನಿಂದ ಎದ್ದರೆ ಸಾಲದು, ವೇಗವೇ ಇಳಿಸಬೇಕು.

ಗಲ್ಲಾ ಪೆಟ್ಟಿಗೆ
ಸೈಕಲ್‌ನವರು ಅಂತ ಹೇಳಿದರೆ ನಾವು ಸಾಂಬಾರ್‌ಗೆ ಎರಡನೇ ಕವರ್ ಹಾಕಿಕೊಡುತ್ತೇವೆ. ಕೇಳಿ, ಸಂಕೋಚ ಬೇಡ.

ಬರ್ಲಿನ್ ಕನ್ನಡತಿ
ಸ್ವಲ್ಪ ದಾರಿ ಬಿಟ್ಟು ಮಾತು. ನಮ್ಮ ಹುಡುಗರು ಓದಲು ಇಲ್ಲಿಗೆ ಬಂದ ಮೇಲೆ ಮೊದಲು ಕೇಳುವುದೇ ಈ ಕೆಲಸ. ಇಲ್ಲಿ ಸೈಕಲ್ ಡೆಲಿವರಿ ಅಂದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸೈಕಲ್ ದಾರಿ ಬೇರೆ ಇದೆ. ಚಳಿಗಾಲದಲ್ಲಿ ಮಾತ್ರ ಕೈಬೆರಳು ಮರಗಟ್ಟುತ್ತವೆ.

ಜರ್ಮನಿಯಲ್ಲಿ ವಿದ್ಯಾರ್ಥಿ ವೀಸಾದವರು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಈ ಲೆಕ್ಕ 2024ರ ಮಾರ್ಚ್‌ನಿಂದ ಇದೆ. ನೌಕರಿಗೆ ಸೇರಿಸಿಕೊಂಡರೆ ಕನಿಷ್ಠ ಕೂಲಿ ಕೊಡಲೇಬೇಕು, 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕಾಯುವ ಸಮಯಕ್ಕೂ ಕೂಲಿ ಇದೆ. ಆರ್ಡರ್ ಬರಲಿ ಬಿಡಲಿ ಗಂಟೆ ಎಣಿಸುತ್ತಾರೆ.

ಆದರೆ ಇಲ್ಲೂ ಎಲ್ಲ ಸುಖ ಅಲ್ಲ. ಇಲ್ಲಿನ ಫುಡ್ ಡೆಲಿವರಿ ಕಂಪನಿ ಲೀಫರಾಂಡೊ 2025ರಲ್ಲಿ ಸುಮಾರು 2,000 ಸವಾರರನ್ನು ತೆಗೆಯುತ್ತೇವೆ ಅಂತ ಹೇಳಿತು.

ಲೀಡ್ಸ್‌ನಿಂದ
ಬ್ರಿಟನ್‌ಗೆ ಬರುವವರು ಗಮನಿಸಿ. ಇಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಡೆಲಿವರಿ ಆ್ಯಪ್‌ಗಳು ಸವಾರರನ್ನು ಸ್ವಂತ ಉದ್ಯೋಗದವರು ಅಂತಲೇ ಸೇರಿಸಿಕೊಳ್ಳುವುದು. ಹಾಗಾಗಿ ವಾರಕ್ಕೆ 20 ಗಂಟೆ ಒಳಗಿದ್ದರೂ ಅದು ತಪ್ಪು. ಬೇರೆಯವರ ಖಾತೆ ಬಾಡಿಗೆಗೆ ಪಡೆದು ಮಾಡುವವರು ವೀಸಾವನ್ನೇ ಪಣಕ್ಕಿಡುತ್ತಿದ್ದಾರೆ. ಏಜೆಂಟರು ಇದನ್ನು ಊರಲ್ಲಿ ಹೇಳುವುದೇ ಇಲ್ಲ.

ರಾತ್ರಿ ಪಾಳಿ
ಕಾಯುವ ಸಮಯಕ್ಕೂ ಕೂಲಿ! ನಮಗೆ ಅದು ಒಂದು ಬಂದರೆ ಸಾಕು, ಬೇರೇನೂ ಬೇಡ. ಹೋಟೆಲ್ ಮುಂದೆ ಅರ್ಧ ಗಂಟೆ ನಿಲ್ಲುವುದು ನಮ್ಮ ಲೆಕ್ಕದಲ್ಲಿ ರಜೆಯಂತೆ.

ಕೆಂಪು ಫೈಲು
ಇಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗೆ, ಅಂದರೆ ನಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗೆ, 4 ಲಕ್ಷದ ವಿಮೆ ಹೇಳಿತು: 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. ಪ್ರೀಮಿಯಂ ನೀವು ಕಟ್ಟಬೇಕಿಲ್ಲ. ಮೊದಲು ಕೇಂದ್ರದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿಸಿ, ಆಮೇಲೆ ರಾಜ್ಯದ ಸೇವಾ ಸಿಂಧು ಪೋರ್ಟಲ್‌ನಲ್ಲಿ.

ಅದಾದ ಮೇಲೆ 2025ರಲ್ಲಿ ಮೊದಲು ಸುಗ್ರೀವಾಜ್ಞೆ ತಂದು, ಆಮೇಲೆ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಮಾಡಿದರು. ನಿಮಗೆ ಕೊಡುವ ಪ್ರತಿ ಪೇಔಟ್ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಅದು ನಿಮ್ಮ ದುಡ್ಡಿನಿಂದ ಕಟ್ ಆಗುವಂಥದ್ದಲ್ಲ. ಪಾರ್ಟ್ ಟೈಮ್ ಅಂತ ಹೊರಗಿಟ್ಟಿಲ್ಲ. ಸೈಕಲ್ ಅಂತಲೂ ಹೊರಗಿಟ್ಟಿಲ್ಲ.

ರಾತ್ರಿ ಪಾಳಿ
ಕಾಗದದಲ್ಲಿ ಎಲ್ಲ ಇದೆ ಸರ್. ರಸ್ತೆಯಲ್ಲಿ ರೇಟ್ ಕಾರ್ಡ್ ರಾತ್ರೋರಾತ್ರಿ ಬದಲಾಗುತ್ತದೆ.

ಕೆಂಪು ಫೈಲು
ಅದಕ್ಕೂ ಕಾಯ್ದೆಯಲ್ಲಿ ಮಾತಿದೆ. ಷರತ್ತು ಬದಲಾಯಿಸುವುದಾದರೆ ಮೊದಲೇ ತಿಳಿಸಬೇಕು, 14 ದಿನ ಮುಂಚೆ. ನಾವು ಕೇಳದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ, ನಿಜ. ಅದಕ್ಕೇ ಕೇಳಬೇಕು ಅನ್ನುವುದು ನಾನು.

ಲೆಕ್ಕದ ಪುಸ್ತಕ
ದುಡ್ಡಿನ ಇನ್ನೊಂದು ವಿಷಯ. ಪೇಔಟ್‌ನಲ್ಲಿ ಶೇ. 1 ಟಿಡಿಎಸ್ ಅಂತ ತೆರಿಗೆ ಮೊದಲೇ ಹಿಡಿಯುತ್ತಾರೆ. ನಿಮ್ಮ ಒಟ್ಟು ಆದಾಯಕ್ಕೆ ತೆರಿಗೆಯೇ ಬರದಿದ್ದರೆ ರಿಟರ್ನ್ ಹಾಕಿ, ಆ ದುಡ್ಡು ವಾಪಸ್ ಬರುತ್ತದೆ. ಬಿಕಾಂ ಹುಡುಗ ಅಲ್ವಾ, ಸ್ವಂತ ರಿಟರ್ನ್ ತಾನೇ ಹಾಕಿದರೆ ಪಾಠವೂ ಆಯಿತು.

ಬಿಕಾಂ ಹುಡುಗ
ಇನ್ಕಮ್ ಟ್ಯಾಕ್ಸ್ ಮುಂದಿನ ಸೆಮಿಸ್ಟರ್‌ನಲ್ಲೇ ಇದೆ! ನಾಳೆ ಅರ್ಜಿ ಹಾಕುತ್ತೇನೆ. ಇ-ಶ್ರಮ್ ಕೂಡ.

ಮೂರನೇ ಮಹಡಿ
ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್ ಬಗ್ಗೆ ಒಬ್ಬರಾದರೂ ಮಾತಾಡಿ. ನಮ್ಮನ್ನು ಸರ್ವಿಸ್ ಲಿಫ್ಟ್‌ಗೆ ಕಳಿಸುತ್ತಾರೆ, ಅದು ಒಂದೇ ಇರುತ್ತದೆ, ಕಸದವರು, ಗ್ಯಾಸ್‌ನವರು ಎಲ್ಲ ಅದರಲ್ಲೇ. ಕಾದು ಕಾದು ಹತ್ತು ನಿಮಿಷ. ಸೈಕಲ್ ಅಂತೂ ಗೇಟ್ ಒಳಗೇ ಬಿಡಲ್ಲ, ‘ಹೊರಗೆ ನಿಲ್ಲಿಸು’ ಅಂತಾರೆ. ಹೊರಗೆ ನಿಲ್ಲಿಸಿದ ಸೈಕಲ್‌ಗೆ ಯಾರು ಗ್ಯಾರಂಟಿ? ನನ್ನದು ಹಾಗೇ ಕಳುವಾಯಿತು.

ಟೆರೇಸ್ ಮನೆ
ನಮ್ಮ ಅಸೋಸಿಯೇಶನ್ ಮೀಟಿಂಗ್‌ನಲ್ಲಿ ಇದನ್ನು ಎತ್ತಿದ್ದೆ. ಭದ್ರತೆ, ಭದ್ರತೆ ಅಂದರು. ಹೆಸರು, ನಂಬರ್ ಎಲ್ಲ ಗೇಟ್‌ನಲ್ಲೇ ಬರೆಸಿಕೊಂಡ ಮೇಲೆ ಯಾವ ಲಿಫ್ಟ್ ಹತ್ತಿದರೇನು ಅಂತ ಕೇಳಿದೆ. ಉತ್ತರ ಇಲ್ಲ. ಈಗ ಕನಿಷ್ಠ ಗೇಟ್ ಒಳಗೆ ಸೈಕಲ್ ನಿಲ್ಲಿಸಲು ಒಂದು ಕಂಬಿ ಹಾಕಿಸಿದ್ದೇವೆ. ಲಿಫ್ಟ್ ವಿಷಯ ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಎತ್ತುತ್ತೇನೆ.

ಹಳೇ ಚೈನು
ಟೆರೇಸ್ ಮನೆ ಅವರಿಗೆ ಕೈಮುಗಿದೆ. ಮೂರನೇ ಮಹಡಿ, ಬೀಗ ಹಿಂದಿನ ಚಕ್ರ ಮತ್ತು ಫ್ರೇಮ್ ಎರಡೂ ಸೇರಿಸಿ, ಯಾವುದಾದರೂ ಕಂಬಕ್ಕೆ ಹಾಕಿ. ಬರೀ ಮುಂದಿನ ಚಕ್ರಕ್ಕೆ ಹಾಕಿದರೆ ಚಕ್ರ ಬಿಟ್ಟು ಸೈಕಲ್ ಎತ್ತಿಕೊಂಡು ಹೋಗುತ್ತಾರೆ.

ಐಡಿ ಬ್ಲಾಕ್
ಕೆಂಪು ಫೈಲು ಸರ್, ನನಗೆ ಸಹಾಯ ಬೇಕು. ಹೋದ ವಾರ ಒಂದು ಆರ್ಡರ್ ಕೊಟ್ಟೆ, ಗಿರಾಕಿ ‘ಬಾಗಿಲ ಹತ್ತಿರ ಇಡಿ’ ಅಂತ ಹಾಕಿದ್ದರು, ಇಟ್ಟು ಫೋಟೋ ತೆಗೆದೆ. ಆಮೇಲೆ ‘ಬಂದೇ ಇಲ್ಲ’ ಅಂತ ದೂರು. ಮಾರನೇ ದಿನ ಐಡಿ ಬ್ಲಾಕ್. ಆ್ಯಪ್‌ನ ಚಾಟ್‌ನಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಬರುತ್ತದೆ. ಮನುಷ್ಯರು ಸಿಗುತ್ತಿಲ್ಲ. ಬರಬೇಕಾದ ಪೇಔಟ್ ಕೂಡ ನಿಂತಿದೆ. ಪಾರ್ಟ್ ಟೈಮ್ ಅಂತ ಕೇಳುವವರೇ ಇಲ್ಲ.

ಕೆಂಪು ಫೈಲು
ಕಂಪನಿ ಹೆಸರು ಇಲ್ಲಿ ಬರೆಯಬೇಡಿ, ಗಿರಾಕಿ ವಿಳಾಸವೂ ಬೇಡ. ಈಗ ಮಾಡಬೇಕಾದ್ದು ಹೇಳುತ್ತೇನೆ.

ಮೊದಲು ಸಾಕ್ಷಿ ಉಳಿಸಿ. ಬಾಗಿಲಿನ ಫೋಟೋ, ಆರ್ಡರ್ ನಂಬರ್, ಗಿರಾಕಿಯ ಸೂಚನೆ ಇರುವ ಸ್ಕ್ರೀನ್‌ಶಾಟ್, ಬ್ಲಾಕ್ ಆದ ದಿನ ಬಂದ ಮೆಸೇಜ್, ಬಾಕಿ ಪೇಔಟ್ ತೋರಿಸುವ ಪುಟ. ಆ್ಯಪ್ ಅಳಿಸಿಬಿಡಬೇಡಿ, ಲಾಗಿನ್ ಹೋದರೆ ಎಲ್ಲ ಹೋಗುತ್ತದೆ.

ಆಮೇಲೆ ಚಾಟ್ ಬಿಟ್ಟು ಇಮೇಲ್ ಬರೆಯಿರಿ. ಉದ್ದ ಬೇಡ. ಇಂಥ ದಿನ ಐಡಿ ನಿಲ್ಲಿಸಿದ್ದೀರಿ, ಕಾರಣ ಬರವಣಿಗೆಯಲ್ಲಿ ಕೊಡಿ, ಕರ್ನಾಟಕದ ಕಾಯ್ದೆ ಪ್ರಕಾರ ತೆಗೆದುಹಾಕುವ ಮುಂಚೆ ಕಾರಣ ಸಮೇತ 14 ದಿನದ ನೋಟಿಸ್ ಕೊಡಬೇಕಿತ್ತು, ಬಾಕಿ ದುಡ್ಡು ಇಷ್ಟು, ಅದನ್ನು ಬಿಡುಗಡೆ ಮಾಡಿ. ಇಷ್ಟೇ. ಕಂಪನಿಯೊಳಗಿನ ವ್ಯಾಜ್ಯ ಪರಿಹಾರ ಸಮಿತಿಗೆ ಕಳಿಸಿ ಅಂತಲೂ ಸೇರಿಸಿ. ಅಂಥ ಸಮಿತಿ ಇರಬೇಕು ಅಂತ ಕಾಯ್ದೆಯಲ್ಲೇ ಇದೆ.

ಐಡಿ ಬ್ಲಾಕ್
ಕನ್ನಡದಲ್ಲಿ ಬರೆಯಬಹುದಾ ಸರ್? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.

ಕೆಂಪು ಫೈಲು
ಧಾರಾಳವಾಗಿ ಬರೆಯಿರಿ. ನೀವು ದುಡಿಯುತ್ತಿರುವುದು ಕರ್ನಾಟಕದಲ್ಲಿ.

ರಾತ್ರಿ ಪಾಳಿ
ನನ್ನ ಸ್ನೇಹಿತನದ್ದೂ ಹೀಗೇ ಆಗಿತ್ತು. ಅವನು ಹೊಸ ಸಿಮ್ ತೆಗೆದುಕೊಂಡು ಬೇರೆ ಆ್ಯಪ್ ಸೇರಿದ. ಜಗಳ ಮಾಡುತ್ತಾ ಕೂತರೆ ಹೊಟ್ಟೆಗೆ?

ಸೌತ್ ಎಂಡ್ ಸವಾರ
ಬೇರೆ ಆ್ಯಪ್ ಸೇರಲಿ, ತಪ್ಪಿಲ್ಲ. ಆದರೆ ದುಡಿದ ದುಡ್ಡು ಯಾಕೆ ಬಿಡಬೇಕು? ಎರಡೂ ಒಟ್ಟಿಗೆ ಮಾಡಬಹುದು.

ಐಡಿ ಬ್ಲಾಕ್
ಇಮೇಲ್ ಕಳಿಸಿದೆ. ಕನ್ನಡದಲ್ಲೇ ಬರೆದೆ. ಫೋಟೋ, ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿದ್ದೇನೆ. ‘ಸಿಕ್ಕಿದೆ, ಪರಿಶೀಲಿಸುತ್ತೇವೆ’ ಅಂತ ಒಂದು ನಂಬರ್ ಸಮೇತ ಉತ್ತರ ಬಂದಿದೆ.

ಕೆಂಪು ಫೈಲು
ಆ ನಂಬರ್ ಬರೆದಿಟ್ಟುಕೊಳ್ಳಿ. ಅವರು ಸುಮ್ಮನಿದ್ದರೆ ಮುಂದಿನ ಮೆಟ್ಟಿಲು ಕಾರ್ಮಿಕ ಇಲಾಖೆ. ಕಾಯ್ದೆಯಡಿ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು, ಆಗ ಈ ಇಮೇಲ್ ನಂಬರ್ ಬೇಕೇ ಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಡೇರಿ ಸರ್ಕಲ್ ಹತ್ತಿರ ಕಾರ್ಮಿಕ ಭವನ ಇದೆ. ಜಯನಗರದ ಕಡೆಯಿಂದ ಸೈಕಲ್‌ನಲ್ಲೇ ಹೋಗಬಹುದು. ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಐಡಿ ಬ್ಲಾಕ್
ಸರಿ ಸರ್. ಸೋಮವಾರದವರೆಗೆ ಕಾಯುತ್ತೇನೆ, ಉತ್ತರ ಬರದಿದ್ದರೆ ಹೋಗುತ್ತೇನೆ.

ಮೂರನೇ ಮಹಡಿ
ನಾನೂ ಬರುತ್ತೇನೆ. ನನ್ನದೂ ಒಂದು ಪೇಔಟ್ ನಿಂತಿದೆ. ಮೆಸೇಜ್ ಮಾಡಿ.